ನಡುಬೆರಳು

ಸುತ್ತೋಲೆ ಬಂದಿದೆ: ಈ ಸಲ ಎಡಗೈ ನಡುಬೆರಳಿಗೆ.
ತೋರುಬೆರಳಲ್ಲಿ ಹಳೆಯದಿನ್ನೂ ಹೋಗಿಲ್ಲವಂತೆ.
ಗುರುಬಸಪ್ಪನವರು ಕನ್ನಡಕ ಏರಿಸಿ ಎರಡು ಸಲ ಓದಿ
ಗೋಡೆಗೆ ಅಂಟಿಸಿದರು, ಹದಿಮೂರರ ಮಗ್ಗಿಯ ಪಕ್ಕ.

ಕಾಮಾಕ್ಷಿಪಾಳ್ಯ, ಸರ್ಕಾರಿ ಶಾಲೆ, ನಾಲ್ಕನೇ ತರಗತಿ ‘ಬಿ’.
ನಾನು ಇಲ್ಲಿ ಎರಡನೇ ಮತಗಟ್ಟೆ ಅಧಿಕಾರಿ;
ಉಳಿದ ದಿನ ಜಲಮಂಡಳಿಯಲ್ಲಿ ಮೀಟರ್ ಓದುತ್ತೇನೆ.
ಒಂದು ಬಟ್ಟಲು ಮರಳು, ಮರಳಲ್ಲಿ ಹೂತ ಶಾಯಿ ಬಾಟಲಿ,
ಅದ್ದಲು ಒಂದು ಕಡ್ಡಿ. ಇಷ್ಟೇ ನನ್ನ ಅಧಿಕಾರ.

ಐದೂವರೆಗೆ ಅಣಕು ಮತದಾನ.
ಏಜೆಂಟರ ಎದುರು ಐವತ್ತು ಸಲ ಒತ್ತಿ, ಎಣಿಸಿ, ತೋರಿಸಿ
ಎಲ್ಲ ಅಳಿಸಿದೆವು. ಸೊನ್ನೆ, ಸೊನ್ನೆ, ಸೊನ್ನೆ.
ಅಳಿಸಿದ್ದಕ್ಕೆ ಎಲ್ಲರ ಸಹಿ ಪಡೆದೆವು.
ಐದು ತಿಂಗಳ ಹಿಂದಿನದನ್ನು ಅಳಿಸುವಾಗ
ಯಾರ ಸಹಿ ಪಡೆದರೋ, ನಾನು ಕಾಣೆ.

ಗೆದ್ದವರು ಎಂಬತ್ತೊಂಬತ್ತನೇ ದಿನ
ಎರಡು ಸಾಲಿನ ಕಾಗದ ಕೊಟ್ಟು ಎದ್ದಿದ್ದರು.
ಯಾವುದೋ ರೆಸಾರ್ಟಿನ ಈಜುಕೊಳದ ಬದಿಗೆ
ಬಿಳಿ ಅಂಗಿಯಲ್ಲಿ ಇಡ್ಲಿ ತಿನ್ನುತ್ತಿದ್ದುದನ್ನು
ಟೀವಿಯಲ್ಲಿ ನಾವೂ ನೋಡಿದೆವು, ಇಡ್ಲಿ ತಿನ್ನುತ್ತಲೇ.
ಇವತ್ತು ಯಂತ್ರದ ಮೇಲೆ ಅದೇ ಮುಖ, ಅದೇ ಮೀಸೆ,
ಗುರುತು ಮಾತ್ರ ಬೇರೆ.

ಏಳಕ್ಕೆ ಬಾಗಿಲು ತೆಗೆದರೆ ಮೊದಲು ಅಲಮೇಲಮ್ಮ,
ಹೂ ಕಟ್ಟುವಾಕೆ, ಬೆರಳಿಗೆ ಬಾಳೆನಾರಿನ ವಾಸನೆ.
ಹಳೆ ಶಾಯಿ ಉಗುರ ತುದಿಗೆ ಸರಿದು
ಬಿದಿಗೆ ಚಂದ್ರನಷ್ಟು ಉಳಿದಿತ್ತು, ಕಪ್ಪಗೆ.
“ಇದು ಹೋಗೋ ತನಕಾನಾದ್ರೂ ಇರಬಾರದಿತ್ತಾ ಮಗಾ, ಆವಯ್ಯ?”
ನಾನು ಕಡ್ಡಿ ಅದ್ದಿದೆ. “ಒಣಗೋವರೆಗೂ ಒರೆಸ್ಬೇಡಿ.”
ಬೇರೆ ಉತ್ತರ ಸುತ್ತೋಲೆಯಲ್ಲಿರಲಿಲ್ಲ.

ಹತ್ತರ ಹೊತ್ತಿಗೆ ಪಾಲಿಟೆಕ್ನಿಕ್ ಹುಡುಗನೊಬ್ಬ
ಅದೊಂದನ್ನೇ ಎತ್ತಿ ಹಿಡಿದ: “ಇದೇನಾ ಮೇಡಂ? ಇದೇ ಸರಿ.”
ನಗು ಸಾಲಿನುದ್ದಕ್ಕೂ ಹಿಂದೆ ಹಿಂದೆ ಹರಿದು ಅಂಗಳ ಮುಟ್ಟಿತು.
ಗುರುಬಸಪ್ಪನವರಿಗೆ ತಿಳಿಯಲಿಲ್ಲ,
“ಶಿಸ್ತು, ಶಿಸ್ತು” ಎಂದು ಮೇಜು ಕುಟ್ಟಿದರು.
ಒಬ್ಬ ಏಜೆಂಟ್ ಮಾತ್ರ ನಗಲಿಲ್ಲ.
ಹೋದ ಸಲ ಆತ ಎದುರಿನ ಕುರ್ಚಿಯಲ್ಲಿದ್ದ.

ಜಬೀನ್ ತಾಜ್ ಬಂದಳು. ಅಗರಬತ್ತಿ ಹೊಸೆದೂ ಹೊಸೆದೂ ಕೈಯೆಲ್ಲ ಇದ್ದಿಲು;
ಶಾಯಿ ಹತ್ತಿತೋ ಇಲ್ಲವೋ, ಕಿಟಕಿಗೆ ಹಿಡಿದು ನೋಡಿದೆವು.

ಮೂರು ಗಂಟೆ. ಯಾರೂ ಬಾರದ ಹೊತ್ತು. ಫ್ಯಾನಿನ ಸದ್ದು,
ಆಚೆ ಬೀದಿಯ ಶೆಡ್ಡಿನಲ್ಲಿ ಪವರ್ ಪ್ರೆಸ್ ಬೀಳುವ ಸದ್ದು.
ಇವತ್ತು ರಜೆಯೆಂದು ಅದಕ್ಕೆ ಯಾರೂ ಹೇಳಿಲ್ಲ.
ಬೋರಲಿಂಗಯ್ಯ ಬಂದು ಎಡಗೈ ಮೇಜಿನ ಮೇಲಿಟ್ಟ:
ತೋರುಬೆರಳಿಲ್ಲ. ನಡುಬೆರಳಿಲ್ಲ.
“ಒಂದು ತೊಂಬತ್ತೆಂಟರಲ್ಲೇ ಹೋಯ್ತು. ಇನ್ನೊಂದು
ಹೋದ ಎಲೆಕ್ಷನ್ನಾಗಿ ಮೂರನೇ ವಾರ. ಅದಕ್ಕೇ ಹಾಕಿದ್ರಿ ಆಗ.
ಶಾಯಿ ಸಮೇತ ಹೋಯ್ತು.”

ಗುರುಬಸಪ್ಪನವರು ಕೈಪಿಡಿ ತಿರುವಿದರು.
ಆ ಬೆರಳಿಲ್ಲದಿದ್ದರೆ ಈ ಬೆರಳು,
ಯಾವುದೂ ಇಲ್ಲದಿದ್ದರೆ ತೋಳಿನ ತುದಿ.
ಎಲ್ಲ ಮೊದಲೇ ಯೋಚಿಸಿಟ್ಟಿದ್ದಾರೆ.
ನಾನು ಉಂಗುರಬೆರಳು ಹಿಡಿದೆ. ಪಕ್ಕದಲ್ಲಿ
ಹೊಸ ಚರ್ಮ ತೆಳ್ಳಗೆ ಮಿನುಗುತ್ತಿತ್ತು.
“ಪರಿಹಾರಕ್ಕೊಂದು ಪತ್ರ ಬೇಕಿತ್ತು. ಆಫೀಸಿಗೆ ಹೋದ್ರೆ
ಈಗ ಇಲ್ಲಿ ಶಾಸಕರೇ ಇಲ್ಲ ಅಂದ್ರು,” ಎಂದ,
ನನಗಲ್ಲ, ಬಾಟಲಿಗೆ.
ರಟ್ಟಿನ ಮರೆಗೆ ಹೋದ.
ಬೀಪ್ ಬರಲಿಲ್ಲ. ಬಹಳ ಹೊತ್ತು ಬರಲಿಲ್ಲ.
ಗುರುಬಸಪ್ಪನವರು ಕುರ್ಚಿಯಿಂದ ಅರ್ಧ ಎದ್ದರು.
ಬಂತು.

ಮೊಹರು, ದಾರ, ಅರಗು, ಲಕೋಟೆಯೊಳಗೊಂದು ಲಕೋಟೆ.
ಎಲ್ಲ ಒಪ್ಪಿಸಿ ಬಸ್ಸು ಹತ್ತಿದಾಗ ಹನ್ನೊಂದು.
ನಾನಿರುವ ಕಡೆ ಚುನಾವಣೆಯಿಲ್ಲ.
ಕಂಡಕ್ಟರ್ ನನ್ನ ಬಲಗೈ ನೋಡಿದ:
ಹೆಬ್ಬೆರಳು, ತೋರು, ನಡು, ಮೂರಕ್ಕೂ ಮಸಿ.
“ಏನ್ ಮೇಡಂ, ಎಷ್ಟು ಓಟು ಹಾಕಿದ್ರಿ?”
“ಒಂದೂ ಇಲ್ಲ.”
ನಕ್ಕು, ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟ.
ಸುಮನಹಳ್ಳಿ ತಿರುವಿನಲ್ಲೂ
ಎಲ್ಲೋ ಪ್ರೆಸ್ ಬೀಳುತ್ತಿತ್ತು.