ಹ್ಯಾಂಡ್‌ಬ್ರೇಕ್ ಹಾಕಬೇಡಿ

ಶುಬ್ರಾದ ಈ ಗಲ್ಲಿಗೆ ಇದು ಐದನೇ ಸುತ್ತು.
"ಇನ್ನೆರಡಾದರೆ ಹಜ್ಜಿನ ಲೆಕ್ಕಕ್ಕೆ ಬರುತ್ತೆ" ಅಂತಾಳೆ
ಹಿಂದಿನ ಸೀಟಿನಲ್ಲಿ ದವಡೆ ಊದಿಸಿಕೊಂಡು ಕೂತ
ನನ್ನ ಅತ್ತೆ, ಇನ್ಶಿರಾಹ್.
ಹಲ್ಲಿನ ಡಾಕ್ಟರ ಬೋರ್ಡು ಐದು ಸಲ ಕಂಡಿದೆ,
ಐದು ಸಲವೂ ಅದಕ್ಕೆ ಬೆನ್ನು ತೋರಿಸಿ ಬಂದಿದ್ದೇವೆ.

ಜಾಗ ಇಲ್ಲವೆಂದಲ್ಲ.
ಜಾಗ ಇದೆ, ಅದರ ಮೇಲೊಂದು ಮೂರು ಕಾಲಿನ ಕುರ್ಚಿಯೂ ಇದೆ.
ಜಾಗ ಇದೆ, ಸಿಮೆಂಟು ತುಂಬಿದ ಹಳೇ ಟಯರು
ಹೊಟ್ಟೆಗೆ ಪೈಪು ನೆಟ್ಟುಕೊಂಡು ಕಾವಲು ನಿಂತಿದೆ.
ಔಷಧಿ ಅಂಗಡಿಯವನ ಎರಡು ಇಟ್ಟಿಗೆಗೆ
ನನ್ನ ಹನ್ನೆರಡು ವರ್ಷದ ಲೈಸೆನ್ಸಿಗಿಂತ ಹೆಚ್ಚು ಹಕ್ಕು.
ಒಂದು ಕಡೆ ಬರೀ ಬೆಕ್ಕು ಮಲಗಿತ್ತು. ಹಾರ್ನ್ ಹೊಡೆದೆ.
ಮಗ್ಗುಲು ಬದಲಿಸಿತು, ಅಷ್ಟೆ.

ಶಾಲೆಯಲ್ಲಿ ನಾನು ರೇಖಾಗಣಿತ ಹೇಳುವವಳು.
ಮೂರೂವರೆ ಮೀಟರಿನ ಸಂದಿಯಲ್ಲಿ
ಮೂರೂ ಮುಕ್ಕಾಲು ಮೀಟರಿನ ಫಿಯಟ್ಟು ಹಿಡಿಯದು ಅನ್ನೋದಕ್ಕೆ
ಬಳಪ ಹಿಡಿಯಬೇಕಿಲ್ಲ.
ಅಬ್ದೆಲ್ ಮೌಗೂದ್ ಕೇಳಬೇಕಲ್ಲ!
ಈ ಬೀದಿಯನ್ನು ಯಾರೂ ಅವನಿಗೆ ಬರೆದುಕೊಟ್ಟಿಲ್ಲ,
ಆದರೂ ಅವನದೇ. ಹೆಗಲಿಗೆ ಗಾಜು ಒರೆಸುವ ಬಟ್ಟೆ,
ಹತ್ತು ಬೆರಳಿಗೆ ಹದಿನಾರು ಕೀಲಿ.
"ಬಾ, ಬಾ, ಬಾ, ಲಾರಿ ಹಿಡಿಯುತ್ತೆ ಇನ್ನೂ, ಬಾ..."
ಧಡ್.
"ಸಾಕು" ಅಂದ, ಆಮೇಲೆ.

ಕೊನೆಗೆ ಎರಡನೇ ಸಾಲು,
ನಿಂತ ಕಾರುಗಳ ಪಕ್ಕೆಗೆ ಒತ್ತಿ ನಿಲ್ಲಿಸಿದೆ. ಕೀಲಿ ಕೊಡಲಿಲ್ಲ.
"ನ್ಯೂಟ್ರಲ್ಲಿನಲ್ಲಿ ಬಿಡಿ ಮತ್ತೆ. ಹ್ಯಾಂಡ್‌ಬ್ರೇಕ್ ಹಾಕಬೇಡಿ."
ಕೈರೋದಲ್ಲಿ ಹುಟ್ಟಿದವಳಿಗೆ ಇದನ್ನೂ ಹೇಳಿಕೊಡಬೇಕೆ?
ಒಳಗೆ ಸಿಕ್ಕಿದವನು ಹೊರಡುವಾಗ ಹೊರಗಿನದನ್ನು ತಳ್ಳುತ್ತಾನೆ,
ದಾರಿಹೋಕನೂ ಒಂದು ಭುಜ ಕೊಡುತ್ತಾನೆ.
ಹಾಗೇ ಒಂದು ಸಲ ನನ್ನ ಕಾರು ನಾನಿಲ್ಲದೆ
ಹದಿನಾಲ್ಕು ಮನೆ ದಾಟಿಹೋಗಿ
ಬೇಯಿಸಿದ ಫೂಲ್ ಕಾಳಿನ ಗಾಡಿಯ ಮುಂದೆ
ತಿಂಡಿಗೆ ಬಂದವರ ಹಾಗೆ ನಿಂತಿತ್ತು.

ಬ್ರೇಕ್ ಎಳೆದು ಹೋಗುವವರನ್ನು ಕಂಡರೆ ನನಗೆ ಮೈಯುರಿ.
ಹೋದ ವಾರ ಒಬ್ಬ. ಬಿಳಿ ಹ್ಯುಂಡೈ. ಪರೀಕ್ಷೆಯ ದಿನ.
ಮುಕ್ಕಾಲು ಗಂಟೆ ಕಾಯುತ್ತ
ಅವನ ಅಪ್ಪನಿಂದ ಮುತ್ತಾತನ ತನಕ
ಒಬ್ಬೊಬ್ಬರನ್ನೇ ಕರೆದು ವಿಚಾರಿಸಿಕೊಂಡಿದ್ದೆ.

ಲಿಫ್ಟು ಕೆಟ್ಟಿತ್ತು. ಮೂರು ಮಹಡಿ.
ಅತ್ತೆಯ ಬಾಯಿಗೆ ಇಕ್ಕಳ ಇಳಿಯುವ ಹೊತ್ತಿಗೆ
ಕೆಳಗೆ ಹಾರ್ನು. ಒಂದು, ಎರಡು, ಆಮೇಲೆ ಬೀದಿಗೆ ಬೀದಿಯೇ.
"ಯಾವನೋ ಕತ್ತೆ ಬ್ರೇಕ್ ಹಾಕಿ ಹೋಗಿದ್ದಾನೆ" ಅಂದೆ.
ಡಾಕ್ಟರು ಕಿಟಕಿಯಲ್ಲಿ ಬಗ್ಗಿ ನೋಡಿದರು:
"ಹಸಿರು ಫಿಯಟ್ಟು."

ಬಲಗೈ ನೋಡಿಕೊಂಡೆ.
ನನ್ನನ್ನು ಕೇಳದೆ ಯಾವಾಗ ಎಳೆಯಿತೋ ಅದು.

ಕೆಳಗೆ ಎಂಟು ಜನ ನನ್ನ ಕಾರನ್ನು
ಮದುಮಗನ ಹಾಗೆ ಎತ್ತಿ ಕುಣಿಸುತ್ತಿದ್ದಾರೆ,
ಒಂದು ನೆಗೆತಕ್ಕೆ ಒಂದು ಗೇಣು.
ಇಸ್ತ್ರಿ ಅಂಗಡಿಯವನು,
ತಲೆ ಮೇಲಿನ ರೊಟ್ಟಿ ಹಲಗೆ ಇಳಿಸಿಟ್ಟ ಹುಡುಗ,
ಒಳಗೆ ಸಿಕ್ಕಿಕೊಂಡಿದ್ದ ಕಾರಿನ ಯಜಮಾನ,
ಟೈಯನ್ನು ಬಾಯಲ್ಲಿ ಕಚ್ಚಿಕೊಂಡು.
ಕೀಲಿ ನನ್ನ ಮುಷ್ಟಿಯಲ್ಲಿ ಬೆವರುತ್ತಿತ್ತು.
ನನ್ನದು, ಬಿಡಿ, ತೆಗೆಯುತ್ತೇನೆ ಅನ್ನಬಹುದಿತ್ತು.
ಅನ್ನಲಿಲ್ಲ.
ಚೀಲ ಹೆಗಲಿಗೇರಿಸಿ ಹಿಂದಿನ ಬಂಪರಿಗೆ ಕೈ ಹಚ್ಚಿದೆ,
ಒಂಬತ್ತನೆಯವಳಾಗಿ.
ಎಲ್ಲರ ಜೊತೆ, ಎಲ್ಲರಿಗಿಂತ ಜೋರಾಗಿ
ಈ ಕಾರಿನವರ ಮುತ್ತಾತನನ್ನೂ ವಿಚಾರಿಸಿಕೊಂಡೆ.

ಮೌಗೂದ್ ನೋಡಿದ. ಕಣ್ಣು ಕೂಡ ಮಿಟುಕಿಸಲಿಲ್ಲ.
ಬೀದಿ ಖಾಲಿಯಾದ ಮೇಲೆ ಮೆತ್ತಗೆ ಬಂದ:
"ನಿಲ್ಲಿಸಿದ್ದಕ್ಕೆ ಹತ್ತು. ಎತ್ತಿದ್ದಕ್ಕೆ ಹತ್ತು."
ಒಂದು ಗಳಿಗೆ ಬಿಟ್ಟು,
"ಸುಮ್ಮನಿದ್ದಿದ್ದಕ್ಕೆ ನಿಮ್ಮ ಮನಸ್ಸಿಗೆ ಬಂದಷ್ಟು."
ಐವತ್ತರ ನೋಟು ಹೋಯಿತು.

ಅಷ್ಟರಲ್ಲಿ ಕಂಬಿ ಹಿಡಿದು ಇಳಿದು ಬಂದಳು ಅತ್ತೆ.
ಡಾಕ್ಟರ ಕಿಟಕಿಯಿಂದ ಅವಳೂ ನೋಡಿದ್ದಳಂತೆ ಎಲ್ಲ.
ಬಾಯಿ ತುಂಬ ಹತ್ತಿ.
ಇವತ್ತೇನೂ ಹೇಳಲಾರಳು.