ವಾರಸುದಾರರಿಲ್ಲದ ಡ್ರಾಯರು

ಹೆಬ್ಬೆರಳುದ್ದದ ಎರಡು ಸೀಸೆ.
ಒಂದಕ್ಕೆ ಹಳದಿ ಮುಚ್ಚಳ, ಒಂದಕ್ಕೆ ಕೆಂಪು.
ನಿವೃತ್ತನಾದ ದಿನ ಗುತ್ಯಪ್ಪ ನನ್ನ ಅಂಗೈಗೆ ಹಾಕಿ
'ಇವೆರಡನ್ನ ಚೆನ್ನಾಗಿ ನೋಡ್ಕೊಂಡ್ರೆ
ಕೊಳದ ನೀರು ತನ್ನಷ್ಟಕ್ಕೆ ತಾನು ಚೆನ್ನಾಗಿರ್ತದೆ' ಅಂದ.
ಹೇಗೆ ನೋಡಿಕೊಳ್ಳಬೇಕೆಂದು ಅವ ಹೇಳಲಿಲ್ಲ,
ನಾ ಕೇಳಲಿಲ್ಲ.
ಸೊರಬದ ಬಸ್ಸಿಗೆ ಹೊತ್ತಾಗಿತ್ತು.

ಪಂಪಿನ ಕೋಣೆಯ ಕಿಟಕಿಕಟ್ಟೆ ಕೈಗೆ ಹತ್ತಿರ.
ಅಲ್ಲೇ ಇಟ್ಟೆ. ಪಕ್ಕದಲ್ಲಿ ಕ್ಲೋರಿನ್ ಪುಡಿಯ ನೀಲಿ ಡ್ರಮ್ಮು,
ಅದರ ಬಾಯಿ ಯಾವತ್ತೂ ಅರ್ಧ ತೆರೆದದ್ದೇ.
ಶಿವಮೊಗ್ಗೆಯ ಏಪ್ರಿಲ್ಲು ಗೊತ್ತಲ್ಲ,
ಮಲೆನಾಡಿನ ಹೆಬ್ಬಾಗಿಲು ಅಂತ ಬೋರ್ಡು ಬರೆದವರು
ಆ ತಿಂಗಳು ಊರಲ್ಲಿರಲಿಲ್ಲ.
ಎರಡೂವರೆಯ ಬಿಸಿಲು ಸೀಸೆಯ ಮೂಲಕ ಹಾದು
ನೆಲಕ್ಕೊಂದು ಕೆಂಪು ಬೊಟ್ಟು ಇಡುತ್ತಿತ್ತು.
ಚೆಂದವಿತ್ತು. ನೋಡುತ್ತ ಬುತ್ತಿ ಉಣ್ಣುತ್ತಿದ್ದೆ.

ಮೇ ಬರುವಷ್ಟರಲ್ಲಿ
ಐದು ಹನಿ ಹಾಕಿದರೂ ಗಾಜಿನ ಕೊಳವೆಯೊಳಗೆ
ಹಳದಿ ಎಂಬುದು ಬರೀ ಅನುಮಾನ.
ಸಾಲದು ಅಂತ ಕತ್ತಲಾದ ಮೇಲೆ ಇನ್ನೊಂದು ಬೋಗುಣಿ ಪುಡಿ,
ಮಾರನೆಯ ದಿನ ಎರಡು.
ಬೇಸಿಗೆ ಶಿಬಿರದ ಮಕ್ಕಳು
ಮೊಲದ ಕಣ್ಣು ಮಾಡಿಕೊಂಡು ಮನೆಗೆ ಹೊರಟರು.
ಮೊಂತೇರೊ ಮೇಷ್ಟ್ರ ಮಗಳ ನೇರಳೆ ಈಜುಡುಗೆ
ಹದಿನೈದೇ ದಿನಕ್ಕೆ ಬೂದಿ ಬಣ್ಣ.
'ಮೇಡಂ, ನೀರಿಗೆ ಏನ್ ಹಾಕ್ತೀರ?' ಅಂದಳು, ಕೆಮ್ಮುತ್ತ.
ಕೊಳವೆ ಎತ್ತಿ ತೋರಿಸಿದೆ:
ನೋಡು, ಏನೂ ಇಲ್ಲ.

ನೀರನ್ನು ಬೈದೆ, ಪಂಪನ್ನು ಬೈದೆ,
ಪುಡಿ ಕೊಟ್ಟ ಗಾಂಧಿ ಬಜಾರಿನ ಅಂಗಡಿಯವನ ಮೂರು ತಲೆಮಾರು ಬೈದೆ.
ಸೀಸೆಯನ್ನು ಬೈಯಲು ತೋಚಲಿಲ್ಲ.
ಫೋನಿನಲ್ಲಿ ಗುತ್ಯಪ್ಪ ಒಂದೇ ಕೇಳಿದ:
'ಬಿಸಿಲಿಗಿಟ್ಟಿದ್ಯಾ?'
ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.
ಅತ್ತ ಕಡೆ ಯಾರೋ ದನಕ್ಕೆ ಹಿಂಡಿ ಕಲಸುವ ಸದ್ದು.

ಹೊಸ ಸೀಸೆ ಬಂದವು. ಹೊಸ ಭಯವೂ.
ತಂಪು ಬೇಕಲ್ಲ ಅಂತ
ಮನೆಗೊಯ್ದು ಫ್ರಿಜ್ಜಿನ ಬಾಗಿಲಲ್ಲಿಟ್ಟೆ,
ದೋಸೆ ಹಿಟ್ಟಿನ ಪಾತ್ರೆಯ ಎದುರು,
ಪೊರೆ ತೆಗೆಸಿಕೊಂಡ ಅತ್ತೆಯ ಕಣ್ಣಿನ ಹನಿಯ ಪಕ್ಕ.
ಅದೂ ಹೆಬ್ಬೆರಳುದ್ದ.
ಅದಕ್ಕೂ ಹಳದಿ ಮುಚ್ಚಳ.

ಸೋಮವಾರ ಸಂಜೆ ಬಾಗಿಲು ತಳ್ಳಿದರೆ
ಅತ್ತೆ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದರು.
ನನ್ನ ಮಗ ಒಂದು ಕೈಯಲ್ಲಿ ಅವರ ರೆಪ್ಪೆ ಬಿಡಿಸಿ
ಇನ್ನೊಂದರಲ್ಲಿ ಸೀಸೆ ಬಗ್ಗಿಸಿ
ಕೂಗಿದೆನೋ ಹಾರಿದೆನೋ ನೆನಪಿಲ್ಲ.
ಹನಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಉರಿಯಿತು.
'ಯಾಕೆ, ಔಷಧಿ ಮುಗೀತಾ?' ಅಂದರು ಅತ್ತೆ
ಕಣ್ಣು ಮುಚ್ಚಿಕೊಂಡೇ.
ಹೌದು ಅಂದೆ.

ಈಗ ಅವು ಟಿಕೆಟ್ ಕೋಣೆಯ ತಳದ ಡ್ರಾಯರಿನಲ್ಲಿ.
ಬೆಳಕಿಲ್ಲ, ಡ್ರಮ್ಮಿನ ಘಾಟಿಲ್ಲ, ಬೀಗವಿದೆ.
ಯಾರೂ ಕೇಳಿ ಬರದ ವಸ್ತುಗಳ ಬಿಡಾರ ಅದು:
ಒಂಟಿ ಕಿವಿಯೋಲೆ, ಪಟ್ಟಿ ಹರಿದ ಈಜುಗನ್ನಡಕ,
ಒಂದು ಹಾಲುಹಲ್ಲು, ಯಾವ ಮಗುವಿನದೋ.
ವರ್ಷ ತುಂಬಿದರೆ ಅರ್ಧ ಉಳಿದಿದ್ದರೂ ಬಿಸಾಡು
ಅಂದಿದ್ದಾನೆ ಗುತ್ಯಪ್ಪ, ಸೀಸೆಯ ವಿಷಯಕ್ಕೆ.
ಹಲ್ಲು ಎಸೆಯಲಾರದ ಕೈಗೆ ಅದೊಂದು ಕಷ್ಟ.
ಅದಕ್ಕೇ ಸೀಸೆಯ ಹೊಟ್ಟೆಗೆ ಗಾಯದ ಪಟ್ಟಿ ಅಂಟಿಸಿ
ತೆರೆದ ತಾರೀಖು ಬರೆದಿದ್ದೇನೆ,
ಕೆಳಗೆ, ಅತ್ತೆಗೂ ಕಾಣುವಷ್ಟು ದಪ್ಪಕ್ಷರದಲ್ಲಿ:
ಕಣ್ಣಿಗಲ್ಲ.

ಬೆಳಗಿನ ಆರು. ಐದು ಹನಿ.
ಕೆಂಪು ಮುಚ್ಚಳ ಕೆಂಪಿಗೆ, ಹಳದಿ ಹಳದಿಗೆ,
ತಿರುವಿ ಬಿಗಿ ಮಾಡಿ
ಆಮೇಲಷ್ಟೇ ಬಣ್ಣ ನೋಡುವುದು.
ತುಂಗೆಯ ಕಡೆಯಿಂದ ಗಾಳಿ. ಗೇಟಿನಲ್ಲಿ ಆ ಹುಡುಗಿ,
ಹೊಸ ಈಜುಡುಗೆ, ಮತ್ತೆ ನೇರಳೆಯೇ.
'ಇವತ್ತು ಹೆಂಗಿದೆ ನೀರು?'
'ತಾಳು' ಅನ್ನುತ್ತೇನೆ,
'ಇನ್ನೂ ಮೂಡ್ತಾ ಇದೆ.'