ಎಡಗಾಲಿನ ಲೇಸು

ಇಪ್ಪತ್ತಾರು ವರ್ಷದಿಂದ ಅವನಿಗೆ ಹತ್ತೇ ವರ್ಷ.
ಎಡಗಾಲ ಬೂಟಿನ ಲೇಸು ಬಿಚ್ಚಿಯೇ ಇದೆ.
ಕಟ್ಟಿಕೋ ಅನ್ನುವ ಅಮ್ಮನನ್ನು ಮೊದಲ ಕಂತಿನಲ್ಲೇ
ಬಂದರಿನಲ್ಲಿ ಬಿಟ್ಟು ಹೊರಟವನು,
ದ್ವೀಪದಿಂದ ದ್ವೀಪಕ್ಕೆ ಕಾಗದ ಹಂಚುವ ಇಸೊಕಿಚಿ.

ಆ ಲೇಸು ನನ್ನದು.
ಓಡುವಾಗ ಹೇಗೆ ಹಾರಬೇಕು, ಅವನು ನಿಂತ ಮೇಲೂ
ಅರೆಗಳಿಗೆ ಹೇಗೆ ಓಡುತ್ತಿರಬೇಕು,
ಎರಡು ದೊಡ್ಡ ಚಿತ್ರಗಳ ನಡುವೆ ಬರುವ ಸಣ್ಣ ಹನ್ನೊಂದು
ನನ್ನ ಪಾಲಿನ ಅನ್ನ.
ತೆರೆಯ ಮೇಲೆ ನನ್ನ ಹೆಸರು ಓಡುವಷ್ಟರಲ್ಲಿ
ಮಕ್ಕಳು ಊಟಕ್ಕೆ ಎದ್ದಿರುತ್ತಾರೆ.

ಮಂಗಳವಾರ, ನೆರಿಮಾದ ಸ್ಟುಡಿಯೋ, ಎರಡನೇ ಮಹಡಿ,
ಸೀಮೆಎಣ್ಣೆ ಹೀಟರಿನ ವಾಸನೆ.
ನಿರ್ಮಾಪಕ ಉಶಿರೊದಾ ತಲೆ ತಗ್ಗಿಸಿ ಹೇಳಿದ:
ಏಪ್ರಿಲಿನಿಂದ ಹೊಸ ಹುಡುಗಿ.
ಗೋಡೆಗೆ ಅವಳ ಹಾಳೆ ಅಂಟಿಸಿದ:
ಮುಂದಿನಿಂದ, ಪಕ್ಕದಿಂದ, ಬೆನ್ನ ಕಡೆಯಿಂದ.
ಮೋಟು ಕೂದಲು, ಮೊಣಕಾಲಿಗೆ ಪಟ್ಟಿ,
ಹೆಸರು ಇನ್ನೂ ಗೊತ್ತಾಗಿಲ್ಲ.
ಬೂಟಿಗೆ ವೆಲ್ಕ್ರೋ.

ಮೂಲೆಯ ಮೇಜಿನಿಂದ ಕುಸುನೋಕಿ ಅಂದ:
"ನಾನು ಹುಟ್ಟಿದ ವರ್ಷವೇ ಇವನು ಹೊರಟಿದ್ದು.
ನನಗೆ ಹತ್ತಾದಾಗ ಒಂದು ವರ್ಷ ನಾವು ಸಹಪಾಠಿಗಳು.
ಆಮೇಲೆ ನಾನು ಪಾಸಾದೆ, ಅವನು ಅಲ್ಲೇ ಉಳಿದ.
ಉಳಿದಿದ್ದಾನೆ ಅನ್ನುವ ಧೈರ್ಯದಲ್ಲೇ ನಾನು ಮುಂದೆ ಹೋದೆ."
ಅವನ ಕಿವಿ ಕೆಂಪಗಾಗಿತ್ತು.

ಹುಡುಗನ ದನಿ ತೊಯೋಕೊ ಅವರಿಗೆ ಅರವತ್ತಮೂರು.
"ಬಿಸಿನೀರು ಕುಡಿದು ದಿನಾ ಬೆಳಿಗ್ಗೆ
ಗಂಟಲೊಳಗೆ ಮಲಗಿದವನನ್ನು ಎಬ್ಬಿಸಬೇಕು.
ಈಚೆಗೆ ಕರೆದ ಕೂಡಲೇ ಏಳುವುದಿಲ್ಲ" ಅಂದು ನಕ್ಕರು.
ಯಾರೂ ಜೊತೆಗೆ ನಗಲಿಲ್ಲ.

ಬೇಡ ಅನ್ನಲು ಬಾಯಿ ತೆರೆದೆ.
ತೆರೆದದ್ದು ಡ್ರಾಯರು.
ಮೊದಲ ವರ್ಷದ ಹಾಳೆ, ಅಂಚು ಹಳದಿ:
ಆ ಮೂಗು ಬೇರೆ, ಆ ಕಣ್ಣು ಬೇರೆ,
ಕತ್ತು ಕೊಂಚ ಉದ್ದ, ಬರೆದ ಕೈ ತೀರಿಕೊಂಡಿದೆ.
ಈ ಹುಡುಗನನ್ನು ಯಾವಾಗ ಕಳಿಸಿದೆವು?
ಯಾವ ಸಭೆಯಲ್ಲಿ, ಯಾರು ತಲೆ ತಗ್ಗಿಸಿ?

ಒಂದು ಹಾಳೆ ಎತ್ತಿದರೇ ಇನ್ನೊಂದು.
ಹಿಂದಿನವನು ಜಾಗ ಬಿಟ್ಟರೇ
ಮುಂದಿನವನ ಕಾಲು ಏಳುವುದು.
ಸೆಕೆಂಡಿಗೆ ಹನ್ನೆರಡು ಸಲ ಕಳಿಸಿಕೊಟ್ಟೇ
ಅವನನ್ನು ಉಳಿಸಿಕೊಂಡವರು ನಾವು.

ಲೆಕ್ಕ ಸರಿ. ಹೊಟ್ಟೆ ಒಪ್ಪುವುದಿಲ್ಲ.
ಇಪ್ಪತ್ತಾರು ವರ್ಷ ಊರವರ ಕಾಗದವನ್ನೆಲ್ಲ ಮುಟ್ಟಿಸಿದವನು
ಅಮ್ಮನಿಗೊಂದು ಸಾಲು ಬರೆದದ್ದು ನಾನು ಕಂಡಿಲ್ಲ.
ತೆಗೆಯಿರಿ, ಆದರೆ ಮನೆ ಮುಟ್ಟಿಸಿ ತೆಗೆಯಿರಿ, ಅಂದೆ.
ಉಶಿರೊದಾ ಪುಟ ತಿರುವಿದ:
ಬಂದರಿನ ಹಿನ್ನೆಲೆ ಚಿತ್ರ ಗೋದಾಮು ಬದಲಿಸುವಾಗ ಕಳೆದಿದೆ,
ಹೊಸದು ಬರೆಸಲು ಹಣವಿಲ್ಲ.

ಹಾಗಾದರೆ ಅವನು ಲೇಸು ಕಟ್ಟಲಿ. ನಾಲ್ಕು ಸೆಕೆಂಡು ಕೊಡಿ.
ಬೆರಳು ಮಡಿಸಿ ಎಣಿಸಿದ. ಮೂರು ಕೊಟ್ಟ.

ಹಾರಿಸಿಯೇ ಗೊತ್ತು, ಕಟ್ಟಿಸಿ ಗೊತ್ತಿಲ್ಲ.
ರಾತ್ರಿಯ ಸೇಬು ಲೈನಿನ ರೈಲಿನಲ್ಲಿ ಜನರ ಪಾದ ನೋಡುತ್ತ ಬಂದೆ.
ಶಕುಜಿಯ ಪ್ಲಾಟ್‌ಫಾರ್ಮಿನಲ್ಲಿ
ನನ್ನ ಬೂಟನ್ನೇ ಬಿಚ್ಚಿ ಕಟ್ಟಿದೆ, ಬಿಚ್ಚಿ ಕಟ್ಟಿದೆ.
ಸ್ಟೇಷನ್ನಿನ ಹುಡುಗ ಬಂದು ಕೇಳಿದ, ಅಜ್ಜಿ, ಹುಷಾರಾ?

ಈಗ ಮೇಜಿನ ಕೆಳಗಿನ ದೀಪ ಹಚ್ಚಿ ಕೂತಿದ್ದೇನೆ.
ಮೂವತ್ತಾರು ಹಾಳೆ.
ಮಂಡಿಯೂರುತ್ತಾನೆ. ಚೀಲ ಪಕ್ಕಕ್ಕೆ ಜಾರುತ್ತದೆ.
ಒಂದು ಕುಣಿಕೆ, ಅದರ ಸುತ್ತ ಇನ್ನೊಂದು.
ಹದಿನೇಳನೆಯದರಲ್ಲಿ ತಲೆ ಪೂರ್ತಿ ಬಗ್ಗಿದೆ,
ಕಾಣುವುದು ಟೋಪಿ ಮಾತ್ರ.
ಕೆಳಗೆ ಯಾರ ಮುಖವಾದರೂ ಇರಬಹುದು.

ಪೆನ್ಸಿಲು ಇಟ್ಟು ಚಹಾಕ್ಕೆ ಎದ್ದೆ.
ಗಂಟು ಇನ್ನೂ ಬಿಗಿದಿಲ್ಲ.